ನಂದಿಯ ಕಾಡಿಗೂ ಒಂದು ಪಂಚಾಂಗ ಬೇಕು

ತೋಟ ಮಾಡುವವರ ಪಂಚಾಂಗವೇ ಬೇರೆ. ಗೊಬ್ಬರಕ್ಕೊಂದು ತಿಂಗಳು, ಮದ್ದು ಹೊಡೆಯಲೊಂದು ತಿಂಗಳು, ನೆರಳು ಸವರಲೊಂದು ತಿಂಗಳು. ಸ್ವಂತ ತೋಟಕ್ಕೆ ಇಷ್ಟೆಲ್ಲ ಲೆಕ್ಕ ಇಡುವ ನಾವು, ಎಲ್ಲರಿಗೂ ಸೇರಿದ ಬೆಟ್ಟದ ಕಾಡು ತನ್ನಷ್ಟಕ್ಕೆ ತಾನೇ ಇರುತ್ತದೆಂದು ಸುಮ್ಮನಿದ್ದುಬಿಡುತ್ತೇವೆ. ಇದು ಎಷ್ಟು ದೊಡ್ಡ ತಪ್ಪೆಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ನಂದಿಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 1,478 ಮೀಟರು. ಕೋಟೆ ಕಟ್ಟುವುದಕ್ಕೂ ಮೊದಲಿನಿಂದ ಇಲ್ಲಿ ಕಾಡಿದೆ. ಈ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರಿನ ಕಡೆಗೆ ಹರಿಯುತ್ತದೆ. ದಕ್ಷಿಣ ಪಿನಾಕಿನಿ, ಅರ್ಕಾವತಿಗಳ ಮೂಲವೂ ಇದೇ. ಶಿಡ್ಲಘಟ್ಟದ ತಲಕಾಯಲ ಬೆಟ್ಟ, ಚಿಂತಾಮಣಿಯ ಅಂಬಾಜಿದುರ್ಗ, ಕೈವಾರದ ಬೆಟ್ಟಗಳು ಆಯಾ ಸೀಮೆಯ ಕೆರೆಗಳಿಗೆ ನೀರು ಇಳಿಸುತ್ತವೆ. ವರ್ಷವಿಡೀ ಹರಿಯುವ ಹೊಳೆ ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ. ಕೊಳವೆ ಬಾವಿಯನ್ನು ನಂಬಿ ಅಡಿಕೆ ಇಟ್ಟವರು, ಅಡಿಕೆಯ ನೆರಳಿನಲ್ಲಿ ನಾಲ್ಕು ಸಾಲು ಕಾಫಿ ಇಟ್ಟವರು, ಬೆಟ್ಟದ ತಲೆಯ ಮೇಲೆ ಮರ ಉಳಿದಿದೆಯೇ ಎಂದು ನೋಡಲೇಬೇಕು.

ಬೇಸಗೆ: ಬೆಂಕಿಯ ಕಾಲ

ಸಂಕ್ರಾಂತಿ ಕಳೆದರೆ ಬೆಟ್ಟದ ಹುಲ್ಲು ಒಣಗುತ್ತದೆ. ಶಿವರಾತ್ರಿಗೆ ಭೋಗನಂದೀಶ್ವರನ ತೇರು ಎಳೆಯುವ ಹೊತ್ತಿಗೆ ಇಳಿಜಾರಿನ ಮುತ್ತುಗ ಕೆಂಪಗೆ ಅರಳಿರುತ್ತದೆ. ನೋಡಲು ಬಲು ಚೆಂದ. ಆದರೆ ಒಂದು ಬೀಡಿ ತುಂಡಿಗೆ ಒಂದು ಗುಡ್ಡ ಹೋಗುವ ಕಾಲವೂ ಇದೇ.

ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲೇ ಒಬ್ಬರು ಹೊಲದ ಬದುವಿನ ಕಸಕ್ಕೆ ಬೆಂಕಿಯಿಟ್ಟು ಊಟಕ್ಕೆ ಹೋದರು. ಮಧ್ಯಾಹ್ನದ ಗಾಳಿಗೆ ಕಿಡಿ ಹಾರಿ ಗುಡ್ಡ ಹತ್ತಿತು. ಸಂಜೆಯವರೆಗೆ ಹಸಿ ಸೊಪ್ಪು ಹಿಡಿದು ಬಡಿದೆವು. ಮೇಲಿನ ಅರ್ಧ ಉಳಿಯಲಿಲ್ಲ. ಆ ವರ್ಷ ಮಳೆ ಬಿದ್ದಾಗ ಕೆಳಗಿನ ಕುಂಟೆಗೆ ಬಂದದ್ದು ಬೂದಿ ಬೆರೆತ ಕೆಂಪು ಮಣ್ಣು. ಹೂಳೆತ್ತುವ ಖರ್ಚೂ ನಮ್ಮ ತಲೆಗೇ ಬಂತು.

ಕಾರಣ ತೋಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ಗಿಡದ ಬುಡದಲ್ಲಿ ದರಗು ಏಕೆ ಬಿಡುತ್ತೇವೋ, ಕಾಡಿನ ದರಗೂ ಅದಕ್ಕಾಗಿಯೇ ಇದೆ. ದರಗು ಸುಟ್ಟರೆ ಹನಿ ನೇರವಾಗಿ ಮಣ್ಣಿಗೆ ಹೊಡೆಯುತ್ತದೆ, ನೀರು ಇಂಗದೆ ಓಡುತ್ತದೆ. ಬೆಂಕಿ ಹಾಕಿದರೆ ಹೊಸ ಹುಲ್ಲು ಬರುತ್ತದೆಂಬುದು ನಿಜವೇ. ಅದರ ಜೊತೆಗೆ ಮರವಾಗಬೇಕಿದ್ದ ಸಸಿಗಳೂ ಸುಟ್ಟುಹೋಗುತ್ತವೆ. ಹಳೆಯ ಮರಗಳು ನಿಂತಿರುವುದರಿಂದ ಈ ನಷ್ಟ ಹತ್ತಾರು ವರ್ಷ ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ಬೆಟ್ಟದ ಅಂಚಿನ ಜಮೀನುಳ್ಳವರು ಡಿಸೆಂಬರ್ ಒಳಗೆ ಬದುವಿನ ಹುಲ್ಲು ಕೊಯ್ದು ದನಕ್ಕೆ ಹಾಕಿರಿ, ಕಸವನ್ನು ಗೊಬ್ಬರದ ಗುಂಡಿಗೆ ಸೇರಿಸಿರಿ. ಅರಣ್ಯ ಇಲಾಖೆಯವರು ಬೆಂಕಿ ರೇಖೆ ಎಳೆಯುವಾಗ ಒಂದು ದಿನದ ಆಳು ಕೊಡಿರಿ.

ಮುಂಗಾರು: ಕೈ ಕಟ್ಟಿ ಕೂರುವ ಕಾಲ

ಮಳೆ ಹಿಡಿದ ಮೇಲೆ ಕಾಡಿಗೆ ಬೇಕಾದದ್ದು ನೆಮ್ಮದಿ. ಮೊಳಕೆಯೊಡೆದ ಸಸಿಗಳಿಗೆ ಎರಡು ಮಳೆಗಾಲ ಮೇಕೆಯ ಬಾಯಿ ತಗುಲದಿದ್ದರೆ ಸಾಕು, ಅವೇ ಮೇಲೆದ್ದುಕೊಳ್ಳುತ್ತವೆ. ಇಡೀ ಬೆಟ್ಟ ಮುಚ್ಚಿದರೆ ಮೇಕೆ ಸಾಕುವ ಬಡವರ ಹೊಟ್ಟೆಗೆ ಹೊಡೆದಂತಾಗುತ್ತದೆ. ಒಂದು ಮಗ್ಗುಲು ಬಿಟ್ಟು, ಒಂದು ಮಗ್ಗುಲು ಸರದಿಯಂತೆ ಮುಚ್ಚುವುದು ಊರವರೇ ಕೂತು ಮಾಡಬೇಕಾದ ತೀರ್ಮಾನ.

ಬಂಡೆಯ ಮೇಲಿನ ಮಣ್ಣು ತೆಳುವು. 2021ರ ಆಗಸ್ಟ್‌ನಲ್ಲಿ ಒಂದು ರಾತ್ರಿಯ ಭಾರೀ ಮಳೆಗೆ ಗುಡ್ಡ ಕುಸಿದು ನಂದಿಯ ರಸ್ತೆ ಕಿತ್ತುಹೋದದ್ದನ್ನು ಇಲ್ಲಿ ಜ್ಞಾಪಿಸಿಕೊಳ್ಳಬಹುದು. ತಿಂಗಳುಗಟ್ಟಲೆ ಪ್ರವಾಸಿಗರಿಗೆ ಬಾಗಿಲು ಮುಚ್ಚಿತ್ತು.

ಹಿಂಗಾರು ಮತ್ತು ಮಾಗಿ: ಕಾಡು ನೋಡುವ ಕಾಲ

ನಮ್ಮ ಕಡೆ ಮಳೆಯ ಭರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದು ಮುಗಿದ ಮೇಲೆ ಬೆಟ್ಟ ಹತ್ತುವುದು ಲೇಸು. ಸೀತಾಫಲದ ಕಾಲ, ಮುಂಜಾನೆ ಮಂಜು. ಬೆಟ್ಟದ ನೆತ್ತಿಯಲ್ಲಿ ಮರಗಳು ಒತ್ತಾಗಿ, ತೇವವಾಗಿ ನಿಂತಿರುವುದನ್ನು ಕಂಡರೆ ಮಲೆನಾಡಿನ ಯಾವುದೋ ತೋಟ ಹೊಕ್ಕಂತಾಗುತ್ತದೆ. ಪಶ್ಚಿಮ ಘಟ್ಟದ ನೀಲಗಿರಿ ಕಾಡು ಪಾರಿವಾಳ ಇಷ್ಟು ದೂರದ ಈ ನೆತ್ತಿಯಲ್ಲೂ ಇದೆ. ಕಲ್ಲು ಬಂಡೆಯ ಪೊದೆಗಳಲ್ಲಿ, ದಕ್ಷಿಣ ಭಾರತದಲ್ಲಷ್ಟೇ ಇರುವ ಹಳದಿ ಕೊರಳಿನ ಪಿಕಳಾರ ಸಿಗುತ್ತದೆ. ಚಳಿಗಾಲಕ್ಕೆ ಹಿಮಾಲಯದ ಕಡೆಯಿಂದಲೂ ಹಕ್ಕಿಗಳು ಇಳಿದು ಬರುತ್ತವೆ. ಆಯಾಸಗೊಂಡಿದ್ದ ಗಾಂಧೀಜಿ 1927ರಲ್ಲಿ ವಿಶ್ರಾಂತಿಗಾಗಿ ಬಂದು ತಂಗಿದ್ದೂ ಈ ಬೆಟ್ಟದಲ್ಲೇ.

ಭಾನುವಾರ ಬೆಂಗಳೂರಿನ ವಾಹನಗಳ ಸಾಲೇ ಇರುತ್ತದೆ. ನಮಗೆ ಬೆಟ್ಟ ಮನೆಯ ಹಿತ್ತಲಿದ್ದಂತೆ. ವಾರದ ನಡುವೆ ಮಕ್ಕಳನ್ನು ಕರೆದುಕೊಂಡು ಹೋಗಿರಿ. ಬುತ್ತಿ ಕಟ್ಟಿಕೊಂಡು ಹೋದ ಕವರನ್ನು ಮರಳಿ ತನ್ನಿರಿ.

ನಾವು ಮಾಡಬಹುದಾದದ್ದು

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹಳೆಯ ಹುಣಸೆ ತೋಪು ಹಲವರಿಗೆ ಗೊತ್ತು. ಆ 54 ಎಕರೆಯನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ದೇಶದಲ್ಲಿ ಅದೇ ಮೊದಲನೆಯದು. ಆ ಘೋಷಣೆಗೆ ಆಧಾರವಾದ 2002ರ ಕಾಯ್ದೆಯೇ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು ಹೇಳುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಆ ಸಮಿತಿ ಕೂಡುತ್ತಿದೆಯೇ? ಗುಡ್ಡದ ಮರ, ಹಕ್ಕಿ, ಔಷಧಿ ಗಿಡಗಳ ದಾಖಲಾತಿ ಬರೆಯಲಾಗಿದೆಯೇ? ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ.

ನಮ್ಮ ಅಡಿಕೆ ಮರದ ಆಯುಸ್ಸು ಒಂದೆರಡು ತಲೆಮಾರು. ಬೆಟ್ಟದ ಕಾಡು ನಮ್ಮ ಮುತ್ತಜ್ಜಂದಿರಿಗೂ ಹಿಂದಿನದು. ಅದಕ್ಕೆ ನಾವು ವರ್ಷದಲ್ಲಿ ಕೊಡಬೇಕಾದದ್ದು ನಾಲ್ಕಾರು ದಿನದ ಕೆಲಸ, ಉಳಿದ ದಿನಗಳ ಎಚ್ಚರಿಕೆ. ಈ ಡಿಸೆಂಬರಿನಲ್ಲಿ ಬದುವಿನ ಹುಲ್ಲಿನಿಂದಲೇ ಆರಂಭಿಸೋಣ.