ಅಜ್ಜಿಯನ್ನು ಹೋಮ್‌ಗೆ ಸೇರಿಸೋ ಮೊದಲು ಕೇಳಿ: ರಾತ್ರಿ 2 ಗಂಟೆಗೆ ಇಲ್ಲಿ ಎಚ್ಚರ ಇರೋರು ಯಾರು?

ಸಣ್ಣ ಆರೈಕೆ ಮನೆಗಳ ಸುರಕ್ಷತೆ ಕುರಿತ ಪಾಡ್‌ಕಾಸ್ಟ್‌ನ ಬರಹ ರೂಪ ಇಲ್ಲಿದೆ.

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಅಜ್ಜಿ ಬಾತ್‌ರೂಮ್‌ನಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಅಪ್ಪ-ಅಮ್ಮ ಇಬ್ಬರೂ ಕೆಲಸಕ್ಕೆ ಹೋಗ್ತಾರೆ. ಆಸ್ಪತ್ರೆಯವರು ನಾಳೆ ಡಿಸ್ಚಾರ್ಜ್ ಅಂದಿದ್ದಾರೆ. ಆಗ ‘ಹತ್ತಿರದಲ್ಲಿ ಯಾವುದಾದ್ರೂ ಒಳ್ಳೆ ಹೋಮ್ ಇದ್ಯಾ ನೋಡು’ ಅನ್ನೋ ಕೆಲಸ ಯಾರ ತಲೆಗೆ ಬರುತ್ತೆ? ಮನೆಯಲ್ಲಿ ಮೊಬೈಲ್ ಚೆನ್ನಾಗಿ ಬಳಸೋರಿಗೆ. ಅಂದ್ರೆ ನಿಮಗೆ.

ನೀವು ಹುಡುಕ್ತೀರಿ. ಬಾಡಿಗೆ ಮನೆಯಲ್ಲಿ ಹತ್ತು-ಹದಿನೈದು ಹಿರಿಯರನ್ನು ಇಟ್ಟುಕೊಂಡಿರೋ ಹೋಮ್‌ಗಳು ಸಿಗ್ತವೆ. ಫೋಟೊ ಚೆನ್ನಾಗಿರುತ್ತೆ, ರೇಟಿಂಗ್ ಕೂಡ. ಆದ್ರೆ ಅದು ಸುರಕ್ಷಿತವಾ ಅಂತ ತಿಳಿಯೋದು ಹೇಗೆ?

ಗೋಡೆ ಮೇಲಿನ ಸರ್ಟಿಫಿಕೇಟ್ ಏನು ಹೇಳುತ್ತೆ?

ಹಿರಿಯ ನಾಗರಿಕರಿಗಾಗಿ ನಮ್ಮ ದೇಶದಲ್ಲಿರೋ ಮುಖ್ಯ ಕಾನೂನು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ರಕ್ಷಣೆ ಕಾಯ್ದೆ. ನಿರ್ಗತಿಕ ಹಿರಿಯರಿಗಾಗಿ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಜನರ ವೃದ್ಧಾಶ್ರಮವನ್ನು ಸರ್ಕಾರ ಸ್ಥಾಪಿಸಬಹುದು ಅಂತ ಅದರಲ್ಲಿದೆ. ಖಾಸಗಿ ಹೋಮ್‌ಗಳ ನೋಂದಣಿ, ಕನಿಷ್ಠ ಗುಣಮಟ್ಟ ಇವನ್ನೆಲ್ಲ ಸೇರಿಸೋಕೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡನೆ ಆಯ್ತು. ಅದು ಪಾಸ್ ಆಗಲೇ ಇಲ್ಲ. 2024ರಲ್ಲಿ ಆ ಲೋಕಸಭೆಯ ಜೊತೆಗೇ ಮಸೂದೆಯೂ ಬಿದ್ದುಹೋಯ್ತು.

ಹಾಗಾಗಿ ಗೋಡೆ ಮೇಲೆ ಟ್ರಸ್ಟ್ ನೋಂದಣಿ ಪತ್ರ ಕಂಡರೆ, ಅಂಥ ಒಂದು ಟ್ರಸ್ಟ್ ಇದೆ ಅಂತಷ್ಟೇ ಅರ್ಥ. ಅಜ್ಜಿಯನ್ನು ರಾತ್ರಿ ಯಾರು ನೋಡ್ಕೋತಾರೆ ಅಂತ ಅದು ಹೇಳಲ್ಲ. ಅಲ್ಲೇ ಚಿಕಿತ್ಸೆ ಕೊಡ್ತೀವಿ ಅಂದ್ರೆ, ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದ್ರೆ ಕೆಪಿಎಂಇ ನೋಂದಣಿ ತೋರಿಸಿ ಅಂತ ಕೇಳಿ.

ರಾತ್ರಿ ಲೆಕ್ಕ

ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿ. 2001ರ ಆಗಸ್ಟ್ 6. ಮಾನಸಿಕ ಕಾಯಿಲೆ ಇದ್ದವರನ್ನು ಇಟ್ಟುಕೊಂಡಿದ್ದ ಖಾಸಗಿ ಆಶ್ರಯದಲ್ಲಿ ಬೆಳಗಿನ ಜಾವ ಬೆಂಕಿ ಹತ್ತಿತು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಅವರಿಗೆ ಓಡೋಕೇ ಆಗಲಿಲ್ಲ. 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ಸರಪಳಿಯಲ್ಲಿ ಕಟ್ಟೋದನ್ನು ಪೂರ್ತಿ ನಿಷೇಧಿಸಿದೆ.

ಇವತ್ತಿನ ಹೋಮ್‌ನಲ್ಲಿ ಸರಪಳಿ ಕಾಣಲ್ಲ, ನಿಜ. ಆದ್ರೆ ಕಿಟಕಿಗೆಲ್ಲ ಗ್ರಿಲ್, ಮುಂಬಾಗಿಲಿಗೆ ಬೀಗ, ಬೀಗದ ಕೀ ಎಲ್ಲೋ ಮಲಗಿರೋ ಒಬ್ಬರ ಹತ್ತಿರ. ನಡೆಯೋಕಾಗದ ಅಜ್ಜಿ ಎರಡನೇ ಮಹಡಿಯಲ್ಲಿ. ಬೆಂಕಿ ಹತ್ತಿದರೆ ಪರಿಣಾಮ ಏನು ಬೇರೆ?

ಅದಕ್ಕೇ ಮೊದಲ ಪ್ರಶ್ನೆ ಇದು: ರಾತ್ರಿ 2 ಗಂಟೆಗೆ ಎಷ್ಟು ಜನ ಸಿಬ್ಬಂದಿ ಇರ್ತಾರೆ? ಅವರಲ್ಲಿ ಎಚ್ಚರ ಇರೋರು ಎಷ್ಟು ಜನ? ಆಮೇಲೆ ಎಣಿಸಿ, ಎತ್ತಿಕೊಂಡೇ ಹೋಗಬೇಕಾದ ಹಿರಿಯರು ಎಷ್ಟು ಜನ ಇದ್ದಾರೆ? ಎಂಟು ಜನರಿಗೆ ಒಬ್ಬರೇ ಅಂದ್ರೆ ಲೆಕ್ಕ ನೀವೇ ಹಾಕಿ.

ಹೋದಾಗ ಏನು ನೋಡಬೇಕು?

- ಹೊರಹೋಗೋಕೆ ಎರಡನೇ ದಾರಿ ಇದೆಯಾ? ಅಲ್ಲಿ ಹಳೇ ಮಂಚ, ಡಬ್ಬ ತುಂಬಿಟ್ಟಿದ್ದಾರಾ?
- ಬೆಂಕಿ ನಂದಿಸೋ ಸಿಲಿಂಡರ್‌ನ ಮುಳ್ಳು ಹಸಿರು ಭಾಗದಲ್ಲಿದೆಯಾ? ಸಿಬ್ಬಂದಿಗೆ ಅದನ್ನು ಬಳಸೋಕೆ ಬರುತ್ತಾ?
- ಬಾತ್‌ರೂಮ್‌ನಲ್ಲಿ ಹಿಡಿದುಕೊಳ್ಳೋಕೆ ಕಂಬಿ, ಜಾರದ ನೆಲ ಇದೆಯಾ? ಒಳಗಿನ ಚಿಲಕವನ್ನು ಹೊರಗಿನಿಂದ ತೆಗೆಯೋಕಾಗುತ್ತಾ?
- ಹಾಸಿಗೆ ಹಿಡಿದವರನ್ನು ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸ್ತಾರೆ? ಸಾಮಾನ್ಯ ರೂಢಿ ಎರಡು ಗಂಟೆಗೊಮ್ಮೆ. ಇಲ್ಲದಿದ್ರೆ ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತೆ. ಬರೆದಿಟ್ಟ ಚಾರ್ಟ್ ತೋರಿಸಿ ಅನ್ನಿ.
- ಔಷಧ ಯಾರು ಕೊಡ್ತಾರೆ, ಎಲ್ಲಿ ಬರೆದಿಡ್ತಾರೆ? ಮಧ್ಯಾಹ್ನದ ಹೊತ್ತಲ್ಲೂ ಎಲ್ಲರೂ ಮಂಕಾಗಿ ಮಲಗಿದ್ರೆ ನಿದ್ರೆ ಮಾತ್ರೆ ಬಗ್ಗೆ ನೇರವಾಗಿ ಕೇಳಿ.
- ಕುಡಿಯೋ ನೀರು ಅವರ ಕೈಗೆ ಸಿಗೋ ಹಾಗಿದೆಯಾ? ಕರೆದ್ರೆ ಯಾರಾದ್ರೂ ಬರ್ತಾರಾ?

ಮೊದಲ ಸಲ ಹೇಳಿ ಹೋಗಿ. ಎರಡನೇ ಸಲ ಹೇಳದೆ, ರಾತ್ರಿ ಊಟದ ಹೊತ್ತಿಗೆ ಹೋಗಿ. ‘ಭಾನುವಾರ 11ರಿಂದ 12 ಮಾತ್ರ ಬನ್ನಿ’ ಅನ್ನೋ ಜಾಗದ ಬಗ್ಗೆ ಎರಡು ಸಲ ಯೋಚಿಸಿ. ಬಿದ್ದರೆ ಯಾವ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ, ನಿಮಗೆ ಯಾವಾಗ ಫೋನ್ ಮಾಡ್ತಾರೆ, ಬಿಟ್ಟು ಹೋಗೋದಾದ್ರೆ ಡೆಪಾಸಿಟ್ ವಾಪಸ್ ಎಷ್ಟು, ಇದೆಲ್ಲ ಒಪ್ಪಂದದಲ್ಲಿ ಬರೆಸಿಕೊಳ್ಳಿ.

ಇನ್ನೊಂದು ಮಾತು. ಒಳ್ಳೆ ಹೋಮ್ ನಡೆಸೋದು ಖರ್ಚಿನ ಕೆಲಸ. ರಾತ್ರಿ ಪಾಳಿಗೆ ಇನ್ನೊಬ್ಬರನ್ನು ಇಟ್ಟರೆ ಶುಲ್ಕ ಏರುತ್ತೆ. ಎಲ್ಲಕ್ಕಿಂತ ಕಡಿಮೆ ರೇಟ್ ಹೇಳಿದವರ ಹತ್ತಿರ, ಇದು ಹೇಗೆ ಸಾಧ್ಯ ಅಂತ ಕೇಳೋದು ತಪ್ಪಲ್ಲ.

ಏನೋ ಸರಿಯಿಲ್ಲ ಅನ್ನಿಸಿದ್ರೆ?

ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಜೀವಕ್ಕೆ ಅಪಾಯ ಅನ್ನಿಸಿದ್ರೆ ತಕ್ಷಣ 112. ಗಾಯ, ಹುಣ್ಣು ಕಂಡರೆ ದಿನಾಂಕ ಬರೋ ಹಾಗೆ ಫೋಟೊ ತೆಗೆದಿಡಿ. ಆದ್ರೆ ಅಜ್ಜಿಯ ಮರ್ಯಾದೆ ಮರೀಬೇಡಿ, ಅದನ್ನು ಸ್ಟೇಟಸ್‌ಗೆ ಹಾಕಬೇಡಿ.

ಸೇರಿಸಿದ ಮೇಲೂ ಹೋಗ್ತಾ ಇರಿ. ಹೋದಾಗ ಮ್ಯಾನೇಜರ್ ಎದುರಿಗೆ ‘ಚೆನ್ನಾಗಿದ್ದೀಯಾ’ ಅಂತ ಕೇಳಿದ್ರೆ ಅಜ್ಜಿ ‘ಹೂಂ’ ಅಂತಾರೆ. ಸ್ವಲ್ಪ ಹೊತ್ತು ಅವರೊಬ್ಬರ ಜೊತೆ ಕೂತ್ಕೊಳ್ಳಿ. ರಾತ್ರಿ ಬಾತ್‌ರೂಮ್‌ಗೆ ಹೋಗಬೇಕು ಅನ್ನಿಸಿದ್ರೆ ಏನ್ ಮಾಡ್ತೀಯಾ ಅಜ್ಜಿ ಅಂತ ಕೇಳಿ. ಅವರ ಉತ್ತರ ಕೇಳಿಸಿಕೊಂಡ ಮೇಲೆ ಮನೆಗೆ ಹೊರಡಿ.