ದಾಭೋಲ್‌ನಿಂದ ಒಲೆಯವರೆಗೆ

ಬೆಂಗಳೂರಿನ ನಲ್ಲಿಯಲ್ಲಿ ಬರುವ ನೀರು ಕಾವೇರಿಯದು, ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಹತ್ತಿ ಬಂದದ್ದು ಎಂಬುದು ಇಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ಪೈಪ್ ಗ್ಯಾಸ್ ಹಾಕಿಸಿಕೊಂಡ ಮನೆಗಳ ಒಲೆಗೆ ಬರುವ ಅನಿಲ ಅದಕ್ಕಿಂತ ಎಷ್ಟೋ ಪಟ್ಟು ದೂರದಿಂದ ಬರುತ್ತದೆ. ಅದು ಮಾತ್ರ ಹೆಚ್ಚು ಜನರಿಗೆ ತಿಳಿಯದು. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ದಾಭೋಲ್‌ನಲ್ಲಿ ಹೊರಟ ಗೇಲ್ ಸಂಸ್ಥೆಯ ಕೊಳವೆ ಸಹ್ಯಾದ್ರಿ ದಾಟಿ, ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಸೀಮೆಯ ಹೊಲಗಳಡಿ ಹಾದು ಬೆಂಗಳೂರು ಮುಟ್ಟುತ್ತದೆ. ಕವಲುಗಳೂ ಸೇರಿದರೆ ಸಾವಿರ ಕಿಲೋಮೀಟರ್ ಆಸುಪಾಸು. ಅದರಲ್ಲಿ ಅನಿಲ ಹರಿದದ್ದು 2013ರಲ್ಲಿ.

ದಾಭೋಲ್ ಎಂದರೆ ಹಳೆಯ ಪತ್ರಿಕಾ ಓದುಗರಿಗೆ ಎನ್ರಾನ್ ನೆನಪಾಗಬೇಕು. ಆ ಅಮೆರಿಕನ್ ಕಂಪನಿ ಕಟ್ಟಿದ ವಿದ್ಯುತ್ ಸ್ಥಾವರ 2001ರಲ್ಲಿ ಸ್ಥಗಿತವಾಯಿತು. ಅದೇ ವರ್ಷದ ಕೊನೆಗೆ ಎನ್ರಾನ್ ದಿವಾಳಿಯಾಯಿತು. ಅರ್ಧಕ್ಕೆ ನಿಂತಿದ್ದ ಅನಿಲ ಟರ್ಮಿನಲ್ ಕೈ ಬದಲಾಗಿ ಕೊನೆಗೂ ಕೆಲಸ ಶುರುಮಾಡಿತು. ಮೈನಸ್ 162 ಡಿಗ್ರಿಗೆ ತಣಿಸಿ, ಗಾತ್ರವನ್ನು ಆರುನೂರರಲ್ಲಿ ಒಂದು ಪಾಲಿಗೆ ಇಳಿಸಿದ ದ್ರವ ಅನಿಲ ಹಡಗಿನಲ್ಲಿ ಬಂದಿಳಿಯುವುದು ಅಲ್ಲಿಗೇ. ಅಲೆತಡೆಗೋಡೆ ಪೂರ್ತಿಯಾಗದ ಕಾರಣ ಹಲವು ವರ್ಷ ಮಳೆಗಾಲದಲ್ಲಿ ಹಡಗುಗಳು ಅಲ್ಲಿ ಲಂಗರು ಹಾಕಲಾಗಲಿಲ್ಲ. ಗುಜರಾತಿನ ದಹೇಜ್‌ನಿಂದ ದಾಭೋಲ್‌ಗೆ ಕೊಳವೆಯ ನಂಟು ಇರುವುದರಿಂದ ನಮ್ಮ ಕಡೆಗೆ ಅನಿಲ ನಿಲ್ಲಲಿಲ್ಲ. ಮಂಗಳೂರಿನ ಕಥೆ ಬೇರೆ: ಅಲ್ಲಿಗೆ ಕೊಚ್ಚಿಯಿಂದ 450 ಕಿ.ಮೀ. ಕೊಳವೆ ಬಂದಿದೆ, ಅದರ ಲೋಕಾರ್ಪಣೆ ಆದದ್ದು 2021ರ ಜನವರಿಯಲ್ಲಿ.

ಹೆಗ್ಗೊಳವೆಯನ್ನು ಊರ ಬಾಗಿಲವರೆಗೆ ತರುವುದು ಒಂದು ಕೆಲಸ, ಅಲ್ಲಿಂದ ಮನೆಮನೆಗೆ ಹಂಚುವುದು ಇನ್ನೊಂದು. ಎರಡನೆಯದನ್ನು ಮಾಡುವವರು ನಗರ ಅನಿಲ ಕಂಪನಿಗಳು. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ದೇಶವನ್ನು ಪ್ರದೇಶಗಳಾಗಿ ವಿಂಗಡಿಸಿ, ಹರಾಜಿನ ಮೂಲಕ ಒಂದೊಂದು ಪ್ರದೇಶವನ್ನು ಒಂದೊಂದು ಕಂಪನಿಗೆ ವಹಿಸುತ್ತದೆ. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ಹೊಣೆ 2015ರಲ್ಲಿ ಗೇಲ್‌ನ ಅಂಗಸಂಸ್ಥೆ ಗೇಲ್ ಗ್ಯಾಸ್‌ಗೆ ಸಿಕ್ಕಿತು. ಧಾರವಾಡದಲ್ಲಿ ಇಂಡಿಯನ್ ಆಯಿಲ್–ಅದಾನಿ ಗ್ಯಾಸ್ ಇದೆ. ಚಿತ್ರದುರ್ಗ, ದಾವಣಗೆರೆ ಯೂನಿಸನ್ ಎನ್ವಿರೊ ಕೈಯಲ್ಲಿದ್ದವು. 2024ರಲ್ಲಿ ಮುಂಬೈಯ ಮಹಾನಗರ ಗ್ಯಾಸ್ ಆ ಕಂಪನಿಯನ್ನೇ ಕೊಂಡುಕೊಂಡಿತು.

ಈ ಕಂಪನಿಗಳ ಕಸುಬು ಬಹುಪಾಲು ಒತ್ತಡ ಇಳಿಸುವುದು. ಹೆಗ್ಗೊಳವೆಯಲ್ಲಿ ಹತ್ತಾರು ಬಾರ್ ಒತ್ತಡದಲ್ಲಿ ನುಗ್ಗಿ ಬರುವ ಅನಿಲವನ್ನು ಊರ ಹೊರಗಿನ ಸಿಟಿ ಗೇಟ್ ಸ್ಟೇಷನ್ನಿನಲ್ಲಿ ಸೋಸಿ, ಅಳೆದು, ಮೊದಲ ಸಲ ತಗ್ಗಿಸುತ್ತಾರೆ. ಅಲ್ಲಿಂದ ಉಕ್ಕಿನ ಕೊಳವೆ; ಬಡಾವಣೆ ಬಂದಾಗ ಮತ್ತೆ ತಗ್ಗಿಸಿ ಸುಮಾರು 4 ಬಾರ್‌ನಲ್ಲಿ ಪ್ಲಾಸ್ಟಿಕ್ ಕೊಳವೆಗೆ ಬಿಡುತ್ತಾರೆ; ಮನೆಯ ಗೋಡೆಯ ಬಳಿ 100 ಮಿಲಿಬಾರ್, ಮೀಟರ್ ಹತ್ತಿರ ಬರೀ 21 ಮಿಲಿಬಾರ್. ಇಪ್ಪತ್ತೊಂದು ಸೆಂಟಿಮೀಟರ್ ಎತ್ತರದ ನೀರು ಒತ್ತುವಷ್ಟೇ ಅದು. ಸಿಎನ್‌ಜಿ ಬಂಕಿನಲ್ಲಿ ಇದಕ್ಕೆ ತದ್ವಿರುದ್ಧ: ಕಂಪ್ರೆಸರ್ ಅದೇ ಅನಿಲವನ್ನು ಅದುಮಿ, ಆಟೋದ ಸಿಲಿಂಡರಿಗೆ 200 ಬಾರ್‌ನಲ್ಲಿ ತುಂಬುತ್ತದೆ. ಆ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದಲ್ಲಿ ಪರೀಕ್ಷೆ ಮಾಡಿಸಲೇಬೇಕು. ತಪ್ಪಿಸುವ ಆಟೋದವರು ತಮ್ಮ ಜೀವದ ಜೊತೆ ಸವಾರರದನ್ನೂ ಪಣಕ್ಕಿಡುತ್ತಾರೆ.

ಸಿಟಿ ಗೇಟ್‌ನಲ್ಲಿ ನಡೆಯುವ ಇನ್ನೊಂದು ಕೆಲಸವೆಂದರೆ ವಾಸನೆ ಕೂಡಿಸುವುದು. ನೈಸರ್ಗಿಕ ಅನಿಲಕ್ಕೆ ತನ್ನದೇ ವಾಸನೆಯಿಲ್ಲ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಹೀಗೆ ವಾಸನೆಯಿಲ್ಲದ ಅನಿಲ ನೆಲಮಾಳಿಗೆಯಲ್ಲಿ ತುಂಬಿ ಸಿಡಿದು, ಮುನ್ನೂರರಷ್ಟು ಜನ ಸತ್ತರು. ಬಹುಪಾಲು ಮಕ್ಕಳು. ಅನಿಲಕ್ಕೆ ದುರ್ವಾಸನೆ ಬೆರೆಸಬೇಕೆಂಬ ಕಾನೂನು ಬಲವಾಗಿ ಬೇರೂರಿದ್ದು ಆ ಮಕ್ಕಳ ಸಾವಿನ ನಂತರ. ಈಗ ಬೆರೆಸುವುದು ಗಂಧಕದ ಸಂಯುಕ್ತ, ಮರ್ಕ್ಯಾಪ್ಟನ್. ಗಾಳಿಯಲ್ಲಿ ಅನಿಲ ಶೇ 5ರಷ್ಟಾದರೆ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಅದರ ಐದನೇ ಒಂದು ಭಾಗ, ಅಂದರೆ ಶೇ 1 ಇದ್ದಾಗಲೇ ಮೂಗಿಗೆ ತಿಳಿಯಬೇಕೆಂಬುದು ನಿಯಮ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡಿ ಮೂಲೆಯಲ್ಲಿ ಕೂರುತ್ತದೆ. ಪೈಪ್ ಗ್ಯಾಸ್ ಹಗುರ, ಮೇಲಕ್ಕೇರುತ್ತದೆ. ಆದ್ದರಿಂದ ಅಡುಗೆಮನೆಯ ಮೇಲುಗಡೆಯ ಜಾಲಂಧ್ರವನ್ನು ಚಳಿಗೆಂದೋ ಧೂಳಿಗೆಂದೋ ಹಲಗೆ ಹೊಡೆದು ಮುಚ್ಚುವುದು ದೊಡ್ಡ ತಪ್ಪು.

ಇಷ್ಟೆಲ್ಲ ಯಂತ್ರಗಳು ಮಾಡುವ ಕೆಲಸ, ನೆಚ್ಚಬಹುದಾದದ್ದು. ನನಗೆ ಅಂಜಿಕೆಯಿರುವುದು ರಸ್ತೆಯ ಬಗ್ಗೆ. ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಯ ಬೀದಿಯಡಿ ಜಲಮಂಡಳಿಯ ನೀರಿನ ಪೈಪು, ಒಳಚರಂಡಿ, ಬೆಸ್ಕಾಂ ಕೇಬಲ್, ನಾಲ್ಕಾರು ಕಂಪನಿಗಳ ಇಂಟರ್‌ನೆಟ್ ಕೇಬಲ್ ಒಂದರ ಮೈಮೇಲೊಂದು ಬಿದ್ದಿವೆ. ಅದರ ನಡುವೆ ಸುಮಾರು ಒಂದು ಮೀಟರ್ ಆಳದಲ್ಲಿ ಅನಿಲದ ಪೈಪು ಹೋಗಬೇಕು. ಕೆಳಗೆ ಲಾಲ್‌ಬಾಗಿನ ಗುಡ್ಡದಲ್ಲಿ ಕಾಣುವಂಥದ್ದೇ ಪುರಾತನ ಬಂಡೆ. ರಸ್ತೆ ಅಗೆಯದೆ ಯಂತ್ರದಿಂದ ಅಡ್ಡಲಾಗಿ ಕೊರೆದು ಪೈಪು ಎಳೆಯುವ ವಿಧಾನವಿದೆ. ವೇಗವಾದದ್ದು, ಆದರೆ ಕುರುಡು. ಕೊರೆಯುವ ಮೊನೆ ಗೊತ್ತಿಲ್ಲದೆ ಚರಂಡಿ ಪೈಪನ್ನು ತೂರಿ ಹೋಗಿ, ಅನಿಲದ ಪೈಪು ಅದರೊಳಗೇ ಹಾದುಬಿಟ್ಟರೆ, ಎಂದೋ ಆ ಚರಂಡಿ ಕಟ್ಟಿಕೊಂಡು ಯಾರೋ ಅದನ್ನು ಬಿಡಿಸಲು ಸಲಾಕೆ ಹಾಕುವ ದಿನ ಅಪಾಯ ಎದ್ದು ಬರುತ್ತದೆ.

ಪ್ಲಾಸ್ಟಿಕ್ ಪೈಪು ತುಕ್ಕು ಹಿಡಿಯುವುದಿಲ್ಲ. ಅದಕ್ಕೆ ದೊಡ್ಡ ಶತ್ರು ಜೆಸಿಬಿಯ ಹಲ್ಲು. ಪೈಪಿನ ಮೇಲೆ ಎಚ್ಚರಿಕೆಯ ಹಳದಿ ಪಟ್ಟಿ ಹಾಸಿರುತ್ತಾರೆ, ರಸ್ತೆ ಬದಿಗೆ ಗುರುತಿನ ಕಲ್ಲು ನೆಟ್ಟಿರುತ್ತಾರೆ. ಆದರೂ ರಾತ್ರೋರಾತ್ರಿ ಅಗೆದು ಬೆಳಗಾಗುವುದರೊಳಗೆ ಮುಚ್ಚುವ ಅವಸರದಲ್ಲಿ ಅದನ್ನು ನೋಡುವವರು ಯಾರು? ಪೈಪು ಹರಿದರೆ ದುರಸ್ತಿ ತಂಡದವರು ಬಂದು ಅದನ್ನು ಎರಡೂ ಕಡೆ ಇಕ್ಕಳದಿಂದ ಹಿಸುಕಿ ಹರಿವು ನಿಲ್ಲಿಸುತ್ತಾರೆ. ಅಲ್ಲಿಯವರೆಗೆ ಅನಿಲ ದಾರಿ ಹುಡುಕುತ್ತಿರುತ್ತದೆ. ಮೇಲೆ ಮಣ್ಣಿದ್ದರೆ ನೇರ ಗಾಳಿಗೆ ಸೇರುತ್ತದೆ. ವೈಟ್ ಟಾಪಿಂಗ್ ಮಾಡಿ ಕಾಂಕ್ರೀಟಿನಿಂದ ಮುಚ್ಚಿದ್ದರೆ ಪಕ್ಕಕ್ಕೆ ಸರಿದು ಚರಂಡಿ, ಕೇಬಲ್ ಕೊಳವೆ, ನೆಲಮಾಳಿಗೆಗಳಿಗೆ ಇಳಿಯಬಹುದು. ಮಣ್ಣಿನಲ್ಲಿ ಬಹಳ ದೂರ ಸಾಗಿದರೆ ಬೆರೆಸಿದ ವಾಸನೆಯೂ ಕಳೆದುಹೋಗುವುದುಂಟು. ಕಾಂಕ್ರೀಟ್ ಹಾಕುವ ಮೊದಲೇ ಕೆಳಗಿನ ಲೆಕ್ಕ ಪೂರ್ತಿ ಸಿಕ್ಕಿರಬೇಕೆನ್ನುವುದು ಇದಕ್ಕೇ.

ಅಗೆಯುವ ಮುನ್ನ ಕೇಳಿಕೊಳ್ಳಲು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಹೊರತಂದಿದೆ. ಅಗೆಯುವವರು ಜಾಗ ತಿಳಿಸಿದರೆ ಅಲ್ಲಿ ಆಸ್ತಿ ಹೂತಿರುವ ಸಂಸ್ಥೆಗಳಿಗೆ ಸುದ್ದಿ ಹೋಗುತ್ತದೆ. ಅದು ಒಳ್ಳೆಯ ಏರ್ಪಾಡು. ಆದರೆ ಪ್ರತಿ ಸಂಸ್ಥೆಯೂ ತನ್ನ ನಕ್ಷೆಯನ್ನು ಅಡಿ ಅಡಿ ಸರಿಯಾಗಿ ಇಟ್ಟಿದ್ದರೆ, ಪೈಪು ಎಲ್ಲಿ ಹಾಕಬೇಕೆಂದಿದ್ದರೋ ಅದನ್ನಲ್ಲ, ನಿಜವಾಗಿ ಎಲ್ಲಿ ಹಾಕಿದರೋ ಅದನ್ನು ಬರೆದಿಟ್ಟಿದ್ದರೆ ಮಾತ್ರ ಅದರಿಂದ ಪ್ರಯೋಜನ. ರಸ್ತೆ ಅಗೆಯಲು ಅನುಮತಿ ಕೊಡುವ ಪಾಲಿಕೆ, ಆ ನಕ್ಷೆ ಕೈಗೆ ಬರುವವರೆಗೆ ಠೇವಣಿ ಹಿಂದಿರುಗಿಸಬಾರದು. ಅನಿಲ ಕಂಪನಿಗೂ ಜಲಮಂಡಳಿಗೂ ಕೇಬಲ್ ಕಂಪನಿಗೂ ಈ ಷರತ್ತು ಒಂದೇ ಇರಬೇಕು.

ಇನ್ನೊಂದು ಮಾತು, ಯಾರ ಮನೆಗೆ ಮೊದಲು ಎಂಬುದರ ಬಗ್ಗೆ. ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಗೋಡೆಗುಂಟ ಒಂದು ಪೈಪು ಏರಿಸಿದರೆ ಹತ್ತಾರು ಮನೆಗಳಿಗೆ ಮೀಟರ್ ಕೂರುತ್ತದೆ. ವಠಾರಗಳ, ಇಕ್ಕಟ್ಟಾದ ಅಡ್ಡರಸ್ತೆಗಳ ಬಡಾವಣೆಯಲ್ಲಿ ಅಷ್ಟೇ ಸಂಪರ್ಕಕ್ಕೆ ಎಷ್ಟೋ ಪಟ್ಟು ಅಗೆತ ಬೇಕು. ಕಂಪನಿ ಮೊದಲು ಎಲ್ಲಿಗೆ ಹೋಗುತ್ತದೆಂದು ಬೇರೆ ಹೇಳಬೇಕಿಲ್ಲ. ಬಾಡಿಗೆಯವರಿಗೆ ಮಾಲೀಕರ ಒಪ್ಪಿಗೆ ಪತ್ರ ಬೇಕು. ಗೋಡೆಗೆ ತೂತು ಹಾಕಲು ಒಪ್ಪದ ಮಾಲೀಕರೇ ಹೆಚ್ಚು. ಪೈಪ್ ಗ್ಯಾಸಿನಲ್ಲಿ ಬಳಸಿದಷ್ಟಕ್ಕೆ, ಬಳಸಿದ ಮೇಲೆ ದುಡ್ಡು. ಸಿಲಿಂಡರಿಗೆ ಮೊದಲೇ ಇಡಿಯಾಗಿ ತೆರಬೇಕು. ತಿಂಗಳ ಕೊನೆಗೆ ಸಿಲಿಂಡರ್ ಮುಗಿದರೆ ಕೈಸಾಲ ಮಾಡುವ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳಿಗೆ, ಮೂರನೇ ಮಹಡಿಗೆ ಅದನ್ನು ಹೊತ್ತು ತರಲಾರದ ಅಜ್ಜಿಗೆ ಈ ವ್ಯವಸ್ಥೆ ಎಲ್ಲರಿಗಿಂತ ಮೊದಲು ಸಿಗಬೇಕಿತ್ತು. ಕಂಪನಿಗೆ ಇಷ್ಟು ಮನೆ, ಇಷ್ಟು ಬಂಕು ಎಂದು ಗುರಿ ಕೊಡುವ ಅನಿಲ ನಿಯಂತ್ರಣ ಮಂಡಳಿ, ಆ ಮನೆಗಳಲ್ಲಿ ಇಷ್ಟು ಪಾಲು ವಠಾರ, ಬಾಡಿಗೆ ಮನೆ, ಕೊಳೆಗೇರಿಗಳದ್ದಾಗಿರಲಿ ಎಂದು ಕೂಡಿಸಿ ಬರೆದರೆ, ಹಳದಿ ಪೈಪು ಆ ಅಡ್ಡರಸ್ತೆಗೂ ತಿರುಗುತ್ತದೆ.