ನದಿಗೆ ಅಂಜುವೆವು, ಹಾದಿಗೆ ಅಂಜೆವು

ಮಲೆನಾಡಿನಲ್ಲಿ ಮಳೆ ಹಿಡಿದು ಸುರಿಯತೊಡಗಿತೆಂದರೆ ಹರಿಹರದ ಜನರ ಕಣ್ಣು ತುಂಗಭದ್ರೆಯ ಮೇಲೆ ನಿಲ್ಲುತ್ತದೆ. ಕೂಡಲಿಯಲ್ಲಿ ಒಂದಾದ ತುಂಗೆ ಭದ್ರೆಯರು ಹೊನ್ನಾಳಿಯನ್ನು ದಾಟಿ ಬರುವಷ್ಟರಲ್ಲಿ ಹೊಳೆ ಕೆಂಪಗಾಗಿ, ದಡ ಮೀರಿ, ಗಂಗಾನಗರದ ಮನೆಗಳ ಹೊಸ್ತಿಲನ್ನು ಮುಟ್ಟುವುದುಂಟು. ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟರೆಂಬ ಸುದ್ದಿ ಬಾಯಿಂದ ಬಾಯಿಗೆ ಹರಡುತ್ತದೆ. ತಗ್ಗಿನ ಮನೆಗಳವರು ಪಾತ್ರೆ ಪಡಗ ಕಟ್ಟಿಕೊಂಡು ಎತ್ತರದ ಜಾಗವನ್ನು ಸೇರುತ್ತಾರೆ. ಹೊಳೆ ಮುನಿದೀತೆಂಬ ಅಂಜಿಕೆಯೇ ಎಷ್ಟೋ ಜೀವಗಳನ್ನು ಉಳಿಸಿದೆ.

ಇದೇ ಸೀಮೆಯಲ್ಲಿ ಇನ್ನೊಂದು ಹೊಳೆಯೂ ಹರಿಯುತ್ತಿದೆ. ಅದಕ್ಕೆ ಬೇಸಗೆಯಿಲ್ಲ, ಮಳೆಗಾಲವಿಲ್ಲ. ಹಗಲು ರಾತ್ರಿಗಳ ಭೇದವೂ ಇಲ್ಲ. ಅದೇ ಪುಣೆ–ಬೆಂಗಳೂರು ಹೆದ್ದಾರಿ. 1860ರ ದಶಕದಲ್ಲಿ ಹರಿಹರದ ಬಳಿ ಕಲ್ಲಿನ ಕಮಾನುಗಳ ಸೇತುವೆಯೆದ್ದು ಹೊಳೆಯ ಆಚೀಚೆಯ ನಾಡುಗಳನ್ನು ಬೆಸೆಯಿತು. ದಾವಣಗೆರೆಯ ಹತ್ತಿ, ಬಟ್ಟೆ, ದವಸಗಳ ವ್ಯಾಪಾರ ಬೆಳೆದುದರಲ್ಲಿ ಈ ಮಾರ್ಗದ ಪಾಲು ದೊಡ್ಡದು. ಹೆದ್ದಾರಿಯು ಊರ ಹೊರಗೆ ಸರಿದಿದ್ದರೂ ಊರೊಳಗಿನ ಹಳೆಯ ಬೀದಿಯನ್ನು ಜನರು ಇಂದಿಗೂ ‘ಪಿ.ಬಿ. ರಸ್ತೆ’ಯೆಂದೇ ಕರೆಯುತ್ತಾರೆ. ಅನ್ನ ಕೊಟ್ಟ ಹಾದಿಯಿದು, ನಿಜ. ಆದರೆ ಈ ಹಾದಿ ತೆಗೆದುಕೊಂಡ ಪ್ರಾಣಗಳ ಲೆಕ್ಕವನ್ನು ನಾವು ಇಟ್ಟಿದ್ದೇವೆಯೇ?

ಎರಡನೆಯ ಮಹಾಯುದ್ಧದ ಬಳಿಕ ಕನ್ನಡ ನಾಡು ಕಂಡ ದುರಂತಗಳು ಹಲವು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ತಗುಲಿ ತೊಂಬತ್ತಕ್ಕೂ ಮಿಕ್ಕ ಜನರು ಅಸುನೀಗಿದರು. ಅವರಲ್ಲಿ ಬಹುಪಾಲು ಮಂದಿ ಎಳೆಯ ಮಕ್ಕಳು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಸುರಿದ ಅಕಾಲ ಮಳೆಯಿಂದ ಉತ್ತರ ಕರ್ನಾಟಕದಲ್ಲಿ ಜಲಪ್ರಳಯವೇ ಆಗಿ, ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಮಡಿದರು. ಆ ದಿನಗಳನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ.

ಈಗ ಇನ್ನೊಂದು ಅಂಕಿಯನ್ನು ಓದುಗರು ಗಮನಿಸಬೇಕು. ಕೇಂದ್ರ ಸರ್ಕಾರದ ವರದಿಯಂತೆ 2022ನೆಯ ಒಂದೇ ವರ್ಷದಲ್ಲಿ ಕರ್ನಾಟಕದ ರಸ್ತೆಗಳಲ್ಲಿ ಸತ್ತವರು 11,702 ಮಂದಿ. ಇದನ್ನು ವಾರಗಳಿಗೆ ಹಂಚಿದರೆ ವಾರವೊಂದಕ್ಕೆ 225 ಜನರಾಗುತ್ತಾರೆ. ಎಂದರೆ, 2009ರ ಆ ಮಹಾಪೂರದಷ್ಟೇ ದೊಡ್ಡದೊಂದು ಪ್ರಳಯವು ವಾರಕ್ಕೊಮ್ಮೆ ನಮ್ಮ ಹಾದಿಗಳ ಮೇಲೆ ಹಾದುಹೋಗುತ್ತಿದೆ! ಪ್ರವಾಹವು ಒಂದೇ ಸಲ ಬಂದು ನಾಡನ್ನೆಲ್ಲ ಅಳಿಸುತ್ತದೆ. ಹಾದಿಯ ಸಾವಾದರೋ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಬರುವುದರಿಂದ ಆಯಾ ಮನೆಯವರು ಮಾತ್ರ ಅಳುತ್ತಾರೆ.

ಹೆದ್ದಾರಿಯ ಕೆಲವು ಅಪಘಾತಗಳಂತೂ ಇಡೀ ಊರನ್ನೇ ಅಳಿಸಿದವು. 2021ರ ಜನವರಿ 15, ಸಂಕ್ರಾಂತಿಯ ಮರುದಿನ. ಶಾಲೆಯಲ್ಲಿ ಕೂಡಿ ಕಲಿತ ದಾವಣಗೆರೆಯ ಗೆಳತಿಯರು ಟೆಂಪೊ ಟ್ರಾವೆಲರ್‌ನಲ್ಲಿ ಗೋವೆಗೆ ಹೊರಟಿದ್ದರು. ಧಾರವಾಡದ ಸಮೀಪ ಇಟಿಗಟ್ಟಿಯ ಬಳಿ ಎದುರಿನಿಂದ ಬಂದ ಟಿಪ್ಪರಿಗೂ ಅವರ ವಾಹನಕ್ಕೂ ಡಿಕ್ಕಿಯಾಗಿ ಕಡಿಮೆಯೆಂದರೂ ಹನ್ನೊಂದು ಜನರು ದುರ್ಮರಣಕ್ಕೀಡಾದರು. ದಾವಣಗೆರೆಯಲ್ಲಿ ಹಬ್ಬದ ಎಳ್ಳುಬೆಲ್ಲದ ಸವಿ ಆರುವ ಮುನ್ನವೇ ಮನೆಮನೆಗಳಲ್ಲಿ ಗೋಳು ಎದ್ದಿತು.

ಇದನ್ನು ವಿಧಿಯೆಂದು ಹೇಳಿ ಸುಮ್ಮನಾಗಬಹುದೆ? ಹೆದ್ದಾರಿಯು ಹಿಂದೆಯೂ ಮುಂದೆಯೂ ವಿಶಾಲವಾಗಿ, ನಡುವೆ ವಿಭಜಕವಿದ್ದು, ಹೋಗುವವರಿಗೂ ಬರುವವರಿಗೂ ಬೇರೆ ಬೇರೆ ದಾರಿಯಿತ್ತು. ಹುಬ್ಬಳ್ಳಿ–ಧಾರವಾಡಗಳ ಹೊರವರ್ತುಲದ ಸುಮಾರು ಮೂವತ್ತು ಕಿಲೋಮೀಟರಿನಲ್ಲಿ ಮಾತ್ರ ಅದು ಎರಡೇ ಪಥಗಳ ಇಕ್ಕಟ್ಟಾದ ರಸ್ತೆಯಾಗಿ ಉಳಿದಿತ್ತು. ಎದುರುಬದುರಾಗಿ ಬರುವ ವಾಹನಗಳ ನಡುವೆ ಬಿಳಿಯ ಗೆರೆಯೊಂದರ ಹೊರತು ಬೇರೆ ತಡೆಯಿರಲಿಲ್ಲ. ಮೃತರ ಬಂಧುಗಳು ದುಃಖವನ್ನು ನುಂಗಿಕೊಂಡು ಆ ಸ್ಥಳಕ್ಕೇ ಹೋಗಿ, ಹಾದಿಯನ್ನು ಅಗಲಿಸಬೇಕೆಂದು ಒತ್ತಾಯಿಸಿದರು. ಮುಂದೆ ಅದನ್ನು ಆರು ಪಥಗಳಿಗೆ ವಿಸ್ತರಿಸುವ ಕೆಲಸವನ್ನು ಕೈಗೊಳ್ಳಲಾಯಿತು. ಕಾರಣ ಮೊದಲೇ ಕಣ್ಣೆದುರಿಗಿತ್ತು. ಪರಿಹಾರ ಮಾತ್ರ ಸಾವಿನ ಬೆನ್ನ ಹಿಂದೆ ಬಂದಿತು.

ಅದೇ ಹೆದ್ದಾರಿಯಲ್ಲಿ, ಹರಿಹರದಿಂದ ಮುಂದೆ ಹಾವೇರಿ ಜಿಲ್ಲೆಯಲ್ಲಿ, 2024ರ ಜೂನ್ 28ರ ನಸುಕಿನಲ್ಲಿ ನಡೆದುದು ಇನ್ನೊಂದು ದಾರುಣ ಘಟನೆ. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು ಕ್ಷೇತ್ರದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದರು. ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿಯ ಬಳಿ ಅವರ ವಾಹನವು ನಿಂತಿದ್ದ ಲಾರಿಯೊಂದಕ್ಕೆ ಹಿಂದಿನಿಂದ ಬಡಿದು ಹದಿಮೂರು ಮಂದಿ ಸತ್ತರು. ಹೀಗೇಕೆ ಆಗುತ್ತದೆ? ಗಂಟೆಗೆ 80 ಕಿಲೋಮೀಟರು ವೇಗದ ವಾಹನವು ಒಂದು ಸೆಕೆಂಡಿಗೆ 22 ಮೀಟರು ಮುಂದೆ ಸಾಗುತ್ತದೆ. ಚಾಲಕನು ಕಂಡು, ತಿಳಿದು, ಬ್ರೇಕ್ ತುಳಿದು ನಿಲ್ಲಿಸಲು ಅರುವತ್ತು ಮೀಟರಿನಷ್ಟಾದರೂ ಬೇಕು. ತಗ್ಗಿಸಿದ ದೀಪದ ಬೆಳಕಿನಲ್ಲಿ ಕಪ್ಪು ವಸ್ತು ಕಾಣುವುದು ಬಹುಮಟ್ಟಿಗೆ ಅದಕ್ಕಿಂತ ಹತ್ತಿರದಲ್ಲಿಯೇ. ನಸುಕಿನ ಹೊತ್ತು ನಿದ್ದೆ ಕಣ್ಣನ್ನು ಎಳೆಯುವ ಹೊತ್ತು ಬೇರೆ. ಹಿಂಬದಿಯ ಕೆಂಪು ದೀಪ, ಹೊಳೆಯುವ ಪಟ್ಟಿ, ಲಾರಿಗಳು ತಂಗಲು ಪ್ರತ್ಯೇಕ ಜಾಗ — ಇವು ಅಲಂಕಾರಗಳಲ್ಲ, ಪ್ರಾಣರಕ್ಷೆಗಳು.

ಬೆಂಕಿಯ ಕಥೆಯೂ ಇಂತಹದೇ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಐಷಾರಾಮಿ ಬಸ್ಸೊಂದು ಮಹಬೂಬನಗರದ ಸೀಮೆಯಲ್ಲಿ ಕಿರುಸೇತುವೆಯ ಗೋಡೆಗೆ ತಗುಲಿ ಉರಿದುಹೋಗಿ 45 ಜನರು ದಹಿಸಿಹೋದರು. ಎರಡು ವಾರ ಕಳೆಯುವಷ್ಟರಲ್ಲಿ, ನವೆಂಬರ್ 14ರಂದು, ಹಾವೇರಿಯ ಹತ್ತಿರ ಕುಣಿಮೆಳ್ಳಿಹಳ್ಳಿಯ ಬಳಿ ಮುಂಬಯಿಯ ಬಸ್ಸೊಂದು ಅದೇ ರೀತಿಯಾಗಿ ಹೊತ್ತಿಕೊಂಡು ಏಳು ಮಂದಿ ಸತ್ತರು. ಎರಡರಲ್ಲಿಯೂ ಒಂದೇ ಪಾಠ: ತಂಪಿಗಾಗಿ ಮುಚ್ಚಿದ ಗಾಜು ಬೆಂಕಿಯಲ್ಲಿ ಸೆರೆಮನೆಯಾಗುತ್ತದೆ. ಬಸ್ಸು ಏರಿದೊಡನೆ ತುರ್ತು ಬಾಗಿಲು ಎಲ್ಲಿದೆ, ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ ಎಂದು ನೋಡಿಕೊಳ್ಳಲು ಅರೆನಿಮಿಷ ಸಾಕು.

1959ರಲ್ಲಿ ಸ್ವೀಡನ್ನಿನ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಆಸನಪಟ್ಟಿಯನ್ನು ವೋಲ್ವೊ ಸಂಸ್ಥೆಯು ಕಾರಿನಲ್ಲಿ ಅಳವಡಿಸಿ, ಇತರ ತಯಾರಕರಿಗೂ ಬಿಟ್ಟುಕೊಟ್ಟಿತು. ಎದೆ ಸೊಂಟಗಳನ್ನು ಹಿಡಿಯುವ ಆ ಒಂದು ಪಟ್ಟಿ ಜಗತ್ತಿನಲ್ಲಿ ಲಕ್ಷಾಂತರ ಜನರನ್ನು ಬದುಕಿಸಿದೆ. ನಮ್ಮಲ್ಲಿ ಹಿಂದಿನ ಆಸನದವರು ಇಂದಿಗೂ ಅದನ್ನು ಮಡಿಸಿ ಮೂಲೆಗೆ ತಳ್ಳುವುದುಂಟು. ಗಾಯಾಳುವನ್ನು ಆಸ್ಪತ್ರೆಗೆ ಒಯ್ದರೆ ಪೊಲೀಸರ ಕಾಟವೆಂಬ ಹಳೆಯ ಹೆದರಿಕೆಯೂ ಈಗ ಅನಾವಶ್ಯಕ. ಹಾಗೆ ನೆರವಾದವರಿಗೆ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಯೇ ರಕ್ಷಣೆ ಕೊಟ್ಟಿದೆ.

ಹರಿಹರದಲ್ಲಿ 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ದೇಗುಲದೊಳಗೆ ಕಾಯುವ ಹರಿಯೂ ಲಯಕಾರಕನಾದ ಹರನೂ ಒಂದೇ ವಿಗ್ರಹದಲ್ಲಿ ನಿಂತಿದ್ದಾರೆ. ಆ ಊರ ಬಳಿ ಹಾಯುವ ಹಾದಿಯೂ ಹಾಗೆಯೇ: ಹೊರೆಯುವುದೂ ಅದೇ, ಕೊಲ್ಲುವುದೂ ಅದೇ. ಆದರೆ ಇಲ್ಲಿ ಯಾವ ರೂಪವು ನಮಗೆ ಎದುರಾಗಬೇಕೆಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಹೊಳೆಗೆ ಅಂಜಿ ಎತ್ತರಕ್ಕೆ ಹೋಗುವ ವಿವೇಕವುಳ್ಳ ಜನರಿಗೆ ಹಾದಿಗೆ ಅಂಜಿ ನಿಧಾನವಾಗಿ ಹೋಗುವುದು ಕಷ್ಟವಾಗಬಾರದು.